ಬೆಂಗ್ರೆ, ಕುದ್ರು, ಕೋಡಿ: ಮೈಸೂರಿನಲ್ಲಿ ಕೂತು ಕಡಲಂಚಿನ ನಕ್ಷೆ ಮಾಡುವವರಿಗೆ

ಮಾನಸಗಂಗೋತ್ರಿಯಲ್ಲಿ ಭೂಗೋಳವನ್ನೋ ಭೂವಿಜ್ಞಾನವನ್ನೋ ಓದುವವರಿಗೆ ಕಡಲು ಅಂದರೆ ಮಡಿಕೇರಿ ದಾಟಿ, ಸಂಪಾಜೆ ಘಾಟಿ ಇಳಿದು, ಸುಮಾರು 250 ಕಿ.ಮೀ. ಆಚೆಗಿನ ಸಂಗತಿ. ದಂಡೆಯ ಮೇಲೆ ನಿಲ್ಲಲು ಸಿಗುವುದು ಒಂದೆರಡು ದಿನ. ಮಿಕ್ಕ ಕೆಲಸವೆಲ್ಲ ಕಂಪ್ಯೂಟರ್ ಮುಂದೆ. ತಪ್ಪುಗಳು ಹುಟ್ಟುವುದೂ ಅಲ್ಲೇ. ಉಪಗ್ರಹ ಚಿತ್ರದಲ್ಲಿ ನೀರು ಮುಗಿದು ಮರಳು ಶುರುವಾಗುವ ಕಡೆ ಗೆರೆ ಎಳೆದು, ಇದೇ ತೀರ ಎಂದು ನಂಬುವುದು ಅವುಗಳಲ್ಲಿ ಮೊದಲನೆಯದು.

ಆ ಗೆರೆ ಚಿತ್ರ ತೆಗೆದ ಗಳಿಗೆಯ ನೀರಿನ ಅಂಚು, ಅಷ್ಟೇ. ಸೆಂಟಿನೆಲ್-2 ಉಪಗ್ರಹ ನಮ್ಮ ಕರಾವಳಿಯ ಮೇಲೆ ಹಾಯುವುದು ಬೆಳಗ್ಗೆ 11ರ ಆಸುಪಾಸಿಗೆ. ಆ ಹೊತ್ತಿಗೆ ಒಂದು ದಿನ ಉಬ್ಬರವಿದ್ದರೆ ಇನ್ನೊಂದು ದಿನ ಇಳಿತ. ದಂಡೆಯ ಇಳಿಜಾರು 20ಕ್ಕೆ 1 ಎಂದಿಟ್ಟುಕೊಳ್ಳಿ. ನೀರು 1 ಮೀಟರ್ ಇಳಿದರೆ ಅಂಚು 20 ಮೀಟರ್ ಪಡುವಣಕ್ಕೆ ಸರಿಯುತ್ತದೆ. ಚಿತ್ರದ ಒಂದು ಪಿಕ್ಸೆಲ್ 10 ಮೀಟರ್. ಅಂದರೆ ಒಂದು ಹಿಡಿ ಮರಳೂ ಅಲುಗದೆ ಗೆರೆ ಎರಡು ಪಿಕ್ಸೆಲ್ ಜರುಗಿತು! ಹಾಗಾಗಿ ಚಿತ್ರ ಇಳಿಸಿಕೊಳ್ಳುವ ಮುಂಚೆಯೇ ಆ ದಿನದ ಉಬ್ಬರ-ಇಳಿತದ ಪಟ್ಟಿ ನೋಡಿ, ನೀರಿನ ಮಟ್ಟ ಹತ್ತಿರ ಹತ್ತಿರ ಇರುವ ದಿನಗಳನ್ನೇ ಆರಿಸಿಕೊಳ್ಳಬೇಕು.

ಋತುವಿನ ಆಟ ಇದಕ್ಕಿಂತ ದೊಡ್ಡದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಅಲೆಗಳು ದಂಡೆಯ ಮರಳನ್ನು ಕಡಲೊಳಕ್ಕೆಳೆದು, ತುಸು ದೂರದಲ್ಲಿ ನೀರಡಿಯ ದಿಬ್ಬವಾಗಿ ಪೇರಿಸುತ್ತವೆ. ಮಳೆ ನಿಂತ ಮೇಲೆ ಸಣ್ಣ ಅಲೆಗಳು ಅದರಲ್ಲಿ ಬಹುಪಾಲನ್ನು ತಿರುಗಿ ತಂದು ಹಾಕುತ್ತವೆ. 2016ರ ಏಪ್ರಿಲ್ ಚಿತ್ರದ ಪಕ್ಕ 2024ರ ಸೆಪ್ಟೆಂಬರ್ ಚಿತ್ರ ಇಟ್ಟರೆ ಎಲ್ಲೆಲ್ಲೂ ಕಡಲ್ಕೊರೆತವೇ ಕಾಣುತ್ತದೆ. ಫೆಬ್ರವರಿಗೆ ಫೆಬ್ರವರಿಯೇ ಜೋಡಿ. ಮೋಡದ ಕಾಟವೂ ಆಗ ಕಡಿಮೆ.

ಈಗ ತಪ್ಪಿನ ಲೆಕ್ಕ. ಚಿತ್ರವನ್ನು ನಕ್ಷೆಯ ಮೇಲೆ ಸರಿಯಾದ ಜಾಗಕ್ಕೆ ಕೂರಿಸುವುದರಲ್ಲಿ 10 ಮೀಟರ್, ಪಿಕ್ಸೆಲ್‌ನಿಂದ 10, ಉಬ್ಬರದಿಂದ 20. ಮೂರರ ವರ್ಗಗಳನ್ನು ಕೂಡಿಸಿದರೆ 600, ವರ್ಗಮೂಲ ಸುಮಾರು 24.5 ಮೀಟರ್. ಇದು ಒಂದು ಗೆರೆಯದು. ಎರಡು ಗೆರೆಗಳ ನಡುವಿನ ಅಂತರಕ್ಕೆ ಸುಮಾರು 35 ಮೀಟರ್. ಆ ಗೆರೆಗಳ ನಡುವೆ 10 ವರ್ಷ ಇದ್ದರೆ ವರ್ಷಕ್ಕೆ 3.5 ಮೀಟರ್ ಬರೀ ಅನುಮಾನ. ಹೀಗಿರುವಾಗ ‘ಇಲ್ಲಿ ವರ್ಷಕ್ಕೆ 1.87 ಮೀಟರ್ ಕೊರೆತ’ ಎಂದು ಪ್ರಬಂಧದಲ್ಲಿ ಬರೆಯುವವರಿಗೆ ಏನು ಹೇಳುವುದು? ದಂಡೆಗೆ ಅಡ್ಡಗೆರೆ ಹಾಕಿ ದರ ತೆಗೆದುಕೊಡುವ ಡಿಎಸ್‌ಎಎಸ್ ತಂತ್ರಾಂಶ ದಶಮಾಂಶಗಳನ್ನು ಧಾರಾಳವಾಗಿ ಕೊಡುತ್ತದೆ. ಅನಿಶ್ಚಿತತೆಯ ಕಾಲಮ್ಮಿನಲ್ಲಿ ನಾವು ಪ್ರಾಮಾಣಿಕವಾಗಿ ಏನು ತುಂಬಿದೆವು ಎನ್ನುವುದರ ಮೇಲೆ ಅವುಗಳ ಮರ್ಯಾದೆ.

ನಕ್ಷೆ ಮಾಡುವ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ಶುರುಮಾಡುವಾಗ ಪ್ರಾಜೆಕ್ಟ್ ಅನ್ನು ಮೀಟರಿನಲ್ಲಿ ಅಳೆಯುವ ಯುಟಿಎಂ ಪದ್ಧತಿಯ 43 ಉತ್ತರ ವಲಯಕ್ಕೆ, ಅಂದರೆ ಇಪಿಎಸ್‌ಜಿ 32643ಕ್ಕೆ ಹಾಕಿ. ಮೈಸೂರು, ಮಂಡ್ಯ, ಮಂಗಳೂರು, ಕಾರವಾರ ಎಲ್ಲವೂ ಆ ಒಂದೇ ವಲಯದೊಳಗೆ ಬೀಳುತ್ತವೆ. ನೀರು-ನೆಲ ಬೇರ್ಪಡಿಸಲು ಹಸಿರು ಮತ್ತು ಸಮೀಪ ಅವಕೆಂಪು ಪಟ್ಟಿಗಳು, ಅಂದರೆ 3 ಮತ್ತು 8, ಸಾಕು: ಮೊದಲನೆಯದರಿಂದ ಎರಡನೆಯದನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸಿ. ಸೊನ್ನೆಗಿಂತ ಮೇಲಿರುವುದೆಲ್ಲ ನೀರು ಎಂದು ಕಣ್ಣುಮುಚ್ಚಿ ಕತ್ತರಿಸಬೇಡಿ. ಅಲೆಯ ನೊರೆ ನೆಲದಂತೆ ಕಾಣುತ್ತದೆ. ಒದ್ದೆ ಮರಳೂ ಗಾಳಿಮರದ ನೆರಳೂ ನೀರಿನಂತೆ. ಗೋಕರ್ಣದ ಬಳಿಯ ಸಾಣಿಕಟ್ಟಾ ಉಪ್ಪಿನಾಗರ, ಸಿಗಡಿ ಹೊಂಡಗಳೂ ಕಡಲಿನ ಜೊತೆ ಸೇರಿಕೊಂಡು ಬರುತ್ತವೆ. ಅವನ್ನು ಕೈಯಿಂದಲೇ ತೆಗೆಯಬೇಕು. ಗೆರೆ ತಿದ್ದುವಾಗ ಪರದೆಯ ಮಾಪಕ 1:5,000ಕ್ಕೆ ಕಟ್ಟಿಹಾಕಿ. ಒಂದು ಕಡೆ ಹಿಗ್ಗಿಸಿ ಇನ್ನೊಂದು ಕಡೆ ಕುಗ್ಗಿಸಿ ಎಳೆದರೆ ಉದ್ದವೇ ಬದಲಾಗುತ್ತದೆ. ದೇಶದ ಕರಾವಳಿಯನ್ನು 1:45 ಲಕ್ಷದ ಬದಲು 1:2.5 ಲಕ್ಷ ಮಾಪಕದಲ್ಲಿ ಮರು ಅಳೆದಾಗ ಕರ್ನಾಟಕದ ಪಾಲು 280ರಿಂದ 343 ಕಿ.ಮೀ.ಗೆ ಏರಿತು. ಕಡಲೇನೂ ಬೆಳೆದಿರಲಿಲ್ಲ.

ಗೆರೆ ಆಯಿತು. ಅಪಾಯದ ಜಾಗಗಳಿಗೆ ಹಚ್ಚುವ ಕೆಂಪು ಬಣ್ಣಕ್ಕೆ ಈಗಲೇ ಕೈಹಾಕಬಾರದು, ಮೊದಲು ಭೂರೂಪ. ಇದಕ್ಕೆ ಒಳ್ಳೆಯ ಕೈಪಿಡಿ ಊರ ಹೆಸರುಗಳೇ. ಬೆಂಗ್ರೆ ಅಂದರೆ ನದಿಗೂ ಕಡಲಿಗೂ ನಡುವೆ ಚಾಚಿದ ಮರಳಪಟ್ಟಿ. ಮಂಗಳೂರಿನಲ್ಲಿ ನೇತ್ರಾವತಿ, ಫಲ್ಗುಣಿ ಎರಡೂ ಒಂದೇ ಅಳಿವೆಯಲ್ಲಿ ಕಡಲು ಸೇರುತ್ತವೆ. ಬಡಗಣಕ್ಕೆ ಬೆಂಗ್ರೆ, ತೆಂಕಣಕ್ಕೆ ಉಳ್ಳಾಲದ ಪಟ್ಟಿ. ಕುದ್ರು ಅಂದರೆ ಹೊಳೆ ನಡುವಿನ ತಗ್ಗು ನಡುಗಡ್ಡೆ. ಕೋಡಿ ಅಂದರೆ ಮಂಡ್ಯದವರಿಗೆ ಕೆರೆ ತುಂಬಿ ಹರಿಯುವ ಜಾಗ. ಕರಾವಳಿಯಲ್ಲಿ ಅದು ನೆಲದ ತುದಿ, ಕೋಡಿಬೆಂಗ್ರೆಯಂತೆ. ಗಜನಿ ಅಂದರೆ ಅಘನಾಶಿನಿಯಂಥ ಹೊಳೆಗಳ ಅಳಿವೆಯಲ್ಲಿ ಉಪ್ಪುನೀರು ನುಗ್ಗುವ ಕಗ್ಗ ಭತ್ತದ ಗದ್ದೆ. ನಕ್ಷೆಯಲ್ಲಿ ಈ ಹೆಸರುಗಳು ಸಿಕ್ಕ ಕಡೆಯೆಲ್ಲ ಗುರುತು ಹಾಕಿದರೆ, ನೀರು ಎಲ್ಲೆಲ್ಲಿ ನೆಲವನ್ನು ಕಟ್ಟುತ್ತ ಮುರಿಯುತ್ತ ಬಂದಿದೆಯೆಂದು ಅರ್ಧ ತಿಳಿದ ಹಾಗೆ. ದಂಡೆಗೆ ಸಮಾನಾಂತರವಾಗಿ ತೆಂಗಿನ ಸಾಲು, ಗದ್ದೆ, ಮತ್ತೆ ತೆಂಗಿನ ಸಾಲು ಬಂದರೆ ಅವು ಹಳೆಯ ದಂಡೆಯ ದಿಣ್ಣೆಗಳೂ ನಡುವಿನ ತಗ್ಗುಗಳೂ ಇರಬಹುದು, ಹೋಗಿ ನೋಡಬೇಕು. 1:25,000 ನಕ್ಷೆಯಲ್ಲಿ 2 ಮಿ.ಮೀ. ಅಂದರೆ ನೆಲದ ಮೇಲೆ 50 ಮೀಟರ್. ಅದಕ್ಕಿಂತ ಕಿರಿದಾದದ್ದನ್ನು ಬರೀ ಗೆರೆಯಾಗಿ ತೋರಿಸಿ.

ಕಣ್ಣು ಪಳಗಿಸಲು ಕಡಲೇ ಬೇಕೆಂದಿಲ್ಲ, ಕಾವೇರಿ ದಂಡೆಯ ತಲಕಾಡಿದೆ. ‘ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ’ ಎಂಬ ಶಾಪವನ್ನು ಭೂರೂಪದ ಕಣ್ಣಿನಲ್ಲಿ ಓದಿದರೆ, ತಿರುವಿನ ಒಂದು ಮಗ್ಗುಲಲ್ಲಿ ಹೂಳು, ಇನ್ನೊಂದು ಮಗ್ಗುಲಲ್ಲಿ ಕೊರೆತ ಎನ್ನುವ ಟಿಪ್ಪಣಿ. (ನೀರಿಗಿಳಿಯಬೇಡಿ. ಮಡು ಅಂದರೆ ಮಡುವೇ.) ದಂಡೆಯ ಅಡ್ಡಕೊಯ್ತ ಅಳೆಯುವುದನ್ನೂ ಅಲ್ಲೇ ಕಲಿಯಬಹುದು: 1.5 ಮೀಟರಿನ ಎರಡು ಕೋಲು, ಸೆಂಟಿಮೀಟರ್ ಗುರುತು, ನಡುವೆ 2 ಮೀಟರ್ ಹಗ್ಗ. ಕಡಲ ಬಳಿಯಾದರೆ ನೆಲದ ಕಡೆಯ ಕೋಲಿನ ಹಿಂದೆ ನಿಂತು, ಮುಂದಿನ ಕೋಲಿನ ತುದಿಯನ್ನು ದಿಗಂತದ ಗೆರೆಗೆ ಕೂಡಿಸಿ. ನೋಟ ನಮ್ಮ ಕೋಲನ್ನು ತುದಿಯಿಂದ ಎಷ್ಟು ಕೆಳಗೆ ದಾಟುತ್ತದೋ ಅಷ್ಟು ಇಳಿಜಾರು. ನೆಲ ಏರಿದರೆ ನಮ್ಮ ಕೋಲಿನ ತುದಿಯ ಮೇಲಿಂದ ನೋಡಿ, ಮುಂದಿನ ಕೋಲಿನ ಮೇಲೆ ಓದಬೇಕು. ತಲಕಾಡಿನಲ್ಲಿ ಕಡಲ ದಿಗಂತವಿಲ್ಲ. ಗಾರೆ ಕೆಲಸದವರ ನೀರು ತುಂಬಿದ ಪಾರದರ್ಶಕ ಪೈಪು ಸಾಕು, ಒಳಗೆ ಗಾಳಿಗುಳ್ಳೆ ಇರಬಾರದು. ಕೋಲು ಮರಳಲ್ಲಿ ಹೂತುಕೊಳ್ಳುವುದೇ ದೊಡ್ಡ ತೊಂದರೆ. ಪ್ರತಿ ಹೆಜ್ಜೆಗೆ 1 ಸೆಂ.ಮೀ. ಒಂದೇ ದಿಕ್ಕಿಗೆ ತಪ್ಪಿದರೂ 50 ಹೆಜ್ಜೆಗೆ ಅರ್ಧ ಮೀಟರ್! ಬುಡಕ್ಕೆ ಅಗಲವಾದ ಹಲಗೆ ತುಂಡು ಹೊಡೆಯಿರಿ.

ಮುಳುಗಡೆಯ ನಕ್ಷೆಗೆ ಬಂದಾಗ ಎತ್ತರ ಕೈಕೊಡುತ್ತದೆ. ಉಚಿತವಾಗಿ ಸಿಗುವ, 30 ಮೀಟರ್ ಪಿಕ್ಸೆಲ್ಲಿನ ಎಸ್‌ಆರ್‌ಟಿಎಂ ಎಂಬ ಎತ್ತರದ ಮಾದರಿ ತೆಂಗಿನ ತೋಟದ ಮೇಲೆ ನೆಲದ ಎತ್ತರ ಕೊಡುವುದಿಲ್ಲ, ಗರಿಗಳ ನಡುವಿನ ಎಲ್ಲೋ ಒಂದು ಎತ್ತರ ಕೊಡುತ್ತದೆ. 2 ಮೀಟರ್ ನೀರು ಬಂದರೆ ಯಾವ ಮನೆ ಮುಳುಗುತ್ತದೆ ಎಂದು ಅದರಿಂದ ಹೇಳಹೊರಟರೆ ತೋಟಗಳೆಲ್ಲ ನಕ್ಷೆಯಲ್ಲಿ ಸುಳ್ಳು ದ್ವೀಪಗಳಾಗಿ ತೇಲುತ್ತವೆ. ಜಿಪಿಎಸ್‌ನ ಕಚ್ಚಾ ಎತ್ತರವೂ ಸಮುದ್ರಮಟ್ಟದಿಂದಲ್ಲ. ದಕ್ಷಿಣ ಭಾರತದಲ್ಲಿ ಅದು ಸಮುದ್ರಮಟ್ಟದಿಂದಿರುವ ಎತ್ತರವನ್ನು 80 ಮೀಟರಿಗಿಂತ ಜಾಸ್ತಿ ತಗ್ಗಿಸಿ ತೋರಿಸುತ್ತದೆ. ರೈಲು ನಿಲ್ದಾಣದ ಹಳದಿ ಫಲಕದ ಮೇಲೆ ಸಮುದ್ರಮಟ್ಟದಿಂದ ಎತ್ತರ ಬರೆದಿರುತ್ತದಲ್ಲ, ಮೈಸೂರಿನಲ್ಲೇ ಅದರ ಮುಂದೆ ಉಪಕರಣ ಹಿಡಿದು ನೋಡಿ. ಅದು ತಿದ್ದಿದ ಎತ್ತರ ಕೊಡುತ್ತಿದೆಯೋ ಕಚ್ಚಾ ಎತ್ತರವೋ ತಿಳಿದುಬಿಡುತ್ತದೆ.

ಕರಾವಳಿ ದುರ್ಬಲತೆಯ ಸೂಚ್ಯಂಕವನ್ನು ಎಲ್ಲರೂ ಹಾಕುತ್ತಾರೆ: ಭೂರೂಪ, ಇಳಿಜಾರು, ತೀರ ಬದಲಾವಣೆಯ ದರ, ಸಮುದ್ರಮಟ್ಟದ ಏರಿಕೆ, ಅಲೆಯ ಎತ್ತರ, ಉಬ್ಬರದ ಅಂತರ. ಇವಕ್ಕೆ 1ರಿಂದ 5 ಅಂಕ, ಗುಣಿಸಿ, 6ರಿಂದ ಭಾಗಿಸಿ, ವರ್ಗಮೂಲ. ಆದರೆ ಒಂದು ತಾಲ್ಲೂಕಿನೊಳಗೆ ಕೊನೆಯ ಮೂರು ಅಷ್ಟಾಗಿ ಬದಲಾಗುವುದೇ ಇಲ್ಲ. ಫಲಿತಾಂಶ ನಿಂತಿರುವುದು ಮೊದಲ ಮೂರರ ಮೇಲೆ, ಅಂದರೆ ಇಲ್ಲಿಯವರೆಗೆ ಹೇಳಿದ ಕೆಲಸದ ಮೇಲೆಯೇ.

ಇನ್ನೊಂದು: ನಕ್ಷೆಯ ಮೂಡಣ ಗಡಿ. ಕರಾವಳಿ ನಿಯಂತ್ರಣ ವಲಯದ 500 ಮೀಟರ್ ಪಟ್ಟಿಗೇ ನಕ್ಷೆ ನಿಲ್ಲಿಸುವುದು ರೂಢಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಗಂಗಾವಳಿ ಹೊಳೆಗೆ ಜಾರಿತು. ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳಿಗೆ ನುಗ್ಗಿತು. ಅಳಿವೆಯಿಂದ ಹೊಳೆಗುಂಟ ಮೇಲಕ್ಕೆ ಹೋಗಿ, ಎರಡೂ ದಡದ ಗುಡ್ಡಗಳ ನೆತ್ತಿಯವರೆಗೆ ನಕ್ಷೆಯನ್ನು ಎಳೆಯಿರಿ. ರಸ್ತೆಗಾಗಿ ಬುಡ ಕಡಿದ ಇಳಿಜಾರುಗಳಿಗೆ ಬೇರೆಯದೇ ಗುರುತು ಕೊಡಿ.