ಹಳದಿ ಕಪ್ಪೆ ಹುಡುಕಿಕೊಂಡು ಮಳೆಗಾಲದ ಕೊಡಗಿಗೆ

ಹೆಬ್ಬೆರಳಿನ ತುದಿಯಷ್ಟಿರುವ ಕಪ್ಪೆ ನೋಡಲು ಬೆಂಗಳೂರಿನಿಂದ ಮಡಿಕೇರಿಗೆ 260 ಕಿ.ಮೀ. ಹೋಗ್ತೀರಾ ಎಂದು ಮನೆಯಲ್ಲಿ ನಕ್ಕರು. ಜೂನ್ ಕೊನೆಯ ವಾರ, ಹೋಗಿಯೇ ಬಿಟ್ಟೆವು.

ನಾವು ಹುಡುಕಿಕೊಂಡು ಹೋಗಿದ್ದು ರಾವೋರ್ಚೆಸ್ಟಿಸ್ ಲೂಟಿಯೋಲಸ್. 2003ರಲ್ಲಿ ಕೊಡಗಿನಿಂದಲೇ ವಿಜ್ಞಾನಕ್ಕೆ ಪರಿಚಯವಾದ ಪುಟ್ಟ ಮರಗಪ್ಪೆ. ಮೈ ಹಳದಿ, ಕಣ್ಣಲ್ಲಿ ನೀಲಿ ಉಂಗುರ. ಗೊದಮೊಟ್ಟೆಯ ಕಾಲವೇ ಇದಕ್ಕಿಲ್ಲ. ಮೊಟ್ಟೆಯೊಳಗೇ ಬೆಳೆದು ಮರಿಗಪ್ಪೆಯಾಗಿಯೇ ಹೊರಬರುತ್ತದೆ. ಹಾಗಾಗಿ ಕೆರೆದಂಡೆಯಲ್ಲಿ ಹುಡುಕಬೇಡಿ. ಅದಕ್ಕೆ ಬೇಕಾದ್ದು ನೆರಳು ಮತ್ತು ತೇವ.

ರಾತ್ರಿ ಮೀಸಲು ಅರಣ್ಯದೊಳಗೆ ಬಿಡುವುದಿಲ್ಲ. ಕಾಫಿ ತೋಟದ ಹೋಂಸ್ಟೇ ಸಾಕು. ಬುಕ್ ಮಾಡುವ ಮುಂಚೆ ರೂಮಿನ ಫೋಟೊ ಬಿಡಿ, ತೋಟದ ಬಗ್ಗೆ ಕೇಳಿ: ನೆರಳಿಗೆ ಕಾಡುಮರ ಉಳಿಸಿದ್ದಾರೋ ಬರೀ ಸಿಲ್ವರ್ ಓಕೋ, ಕಳೆನಾಶಕ ಹೊಡೆಯುತ್ತಾರೋ, ಆನೆ ಬರುತ್ತದೋ. ಆನೆ ಬರುತ್ತದೆ ಎಂದರೆ ತೋಟದವರಿಲ್ಲದೆ ಕತ್ತಲಲ್ಲಿ ಹೆಜ್ಜೆ ಇಡಬೇಡಿ.

ಮೊದಲ ರಾತ್ರಿ ಎರಡು ಗಂಟೆ ಅಲೆದರೂ ಒಂದೂ ಕಾಣಲಿಲ್ಲ. ಸುತ್ತ ನೂರು ಕೂಗು, ಹತ್ತಿರ ಹೋದರೆ ಗಪ್‌ಚುಪ್. ನಮ್ಮ ರೇನ್‌ಕೋಟಿನ ಸರಪರವೇ ಕೆಲಸ ಕೆಡಿಸಿತ್ತು. ಮರುದಿನ ತೋಟದ ಯಜಮಾನರು ಉಪಾಯ ಹೇಳಿಕೊಟ್ಟರು: ಟಾರ್ಚ್ ಆರಿಸಿ ಐದು ನಿಮಿಷ ನಿಲ್ಲಿ, ಇಬ್ಬರು ನಾಲ್ಕು ಮಾರು ದೂರ ನಿಂತು ಕೂಗು ಬಂದ ಕಡೆ ಬೆರಳು ತೋರಿಸಿ. ಎರಡೂ ಬೆರಳ ನೇರ ಎಲ್ಲಿ ಕೂಡುತ್ತದೋ ಅಲ್ಲಿ ಕಪ್ಪೆ. ಕೂತಿತ್ತು! ಎದೆಮಟ್ಟದ ಕಾಫಿ ಎಲೆಯ ಮೇಲೆ, ಗಂಟಲ ಚೀಲ ನೀರುಗುಳ್ಳೆಯಂತೆ ಉಬ್ಬಿಸಿಕೊಂಡು. ಟ್ರೀಕ್, ಟ್ರೀಕ್, ಆಮೇಲೆ ಚಮಚದಿಂದ ಲೋಟ ತಟ್ಟಿದ ಹಾಗೆ ಟಿಂಕ್ ಟಿಂಕ್. ನನ್ನ ಮೊಬೈಲ್ ಕ್ಯಾಮೆರಾ ಮಂಜು ಹಿಡಿದು ಕೂತಿತ್ತು, ಅದು ಬೇರೆ ಮಾತು.

ಮುಟ್ಟಬೇಡಿ. ಚರ್ಮದಿಂದಲೂ ಉಸಿರಾಡುವ ಜೀವ ಅದು. ನಿಮ್ಮ ಕೈಗೆ ಬಳಿದ ಸೊಳ್ಳೆ ಮುಲಾಮು ಅದಕ್ಕೆ ವಿಷ. ಜಿಗಣೆಗೆ ಹೆದರಿ ಕಾಲಿಗೆ ಏನೇನೋ ಸವರಿಕೊಳ್ಳುವ ಬದಲು ಉದ್ದ ಜಿಗಣೆ ಸಾಕ್ಸ್, ಗಂಬೂಟ್ ಹಾಕಿ.

ಬೇಲಿಯಾಚೆಯ ತೋಟದಲ್ಲಿ ಹಳೇ ಮರ ಕಡಿಸಿ ಸಿಲ್ವರ್ ಓಕ್ ಹಾಕಿದ್ದರು, ನೆಲ ಬೋಳು. ಅಲ್ಲಿಂದ ಆ ರಾತ್ರಿ ಜೀರುಂಡೆ ಬಿಟ್ಟರೆ ಏನೂ ಕೇಳಿಸಲಿಲ್ಲ. "ಮರಗಸಿ ಮಾಡೋದು, ಅಂದ್ರೆ ನೆರಳಿನ ಮರದ ಕೊಂಬೆ ಕತ್ತರಿಸೋದು ಬೇರೆ, ಬುಡಕ್ಕೇ ಕೊಡಲಿ ಹಾಕೋದು ಬೇರೆ" ಎಂದರು ಯಜಮಾನರು.

2018ರ ಆಗಸ್ಟ್‌ನಲ್ಲಿ ಗುಡ್ಡಗಳೇ ಜಾರಿದ ಊರಿದು. ಮಳೆ ಜೋರಿದ್ದರೆ ಹೊರಡುವ ದಿನ ಬೆಳಿಗ್ಗೆ ಹೋಂಸ್ಟೇಗೆ ಫೋನ್ ಮಾಡಿ ರಸ್ತೆ ವಿಚಾರಿಸಿ, ಒಂದು ದಿನ ರಜೆ ಹೆಚ್ಚಿಗೇ ಹಾಕಿಕೊಂಡು ಹೋಗಿ. ಮೊದಲ ರಾತ್ರಿ ನಿಮಗೂ ಕಾಣಲಿಕ್ಕಿಲ್ಲ.