ಐದಡಿ ಏಳಿಂಚಿನ ಹೆಡರ್

ಫುಟ್‌ಬಾಲಿನ ಸುನಿಲ್ ಛೆಟ್ರಿ ಅಂದ ಕೂಡಲೇ ಎಲ್ಲರೂ ಗೋಲಿನ ಲೆಕ್ಕಕ್ಕೆ ಕೂರುತ್ತಾರೆ. ನನಗೆ ಅವರ ಹೆಡರ್, ಅಂದರೆ ತಲೆಯಿಂದ ಚೆಂಡು ಹೊಡೆಯುವ ಪರಿ, ಇಷ್ಟ. ಎತ್ತರ ಐದಡಿ ಏಳಿಂಚು, ಅಷ್ಟೇ. ಆದರೂ ಆರಡಿ ಆಳುಗಳ ನಡುವೆ ಚೆಂಡು ಅವರ ತಲೆಗೇ ಸಿಗುತ್ತದಲ್ವಾ, ಅದು ಹೇಗೆ?

ಬೆಂಗಳೂರಿನ ಕಂಠೀರವ ಸ್ಟೇಡಿಯಂನಲ್ಲಿ ಗ್ಯಾಲರಿಗೂ ಆಟಕ್ಕೂ ನಡುವೆ ಓಟದ ಟ್ರ್ಯಾಕ್ ಇದೆ. ದೂರ ಜಾಸ್ತಿ ಅಂತ ಎಲ್ಲರೂ ಗೊಣಗುತ್ತಾರೆ. ಆದರೆ ಅಲ್ಲಿಂದ ಚೆಂಡು ಬಿಟ್ಟು ಛೆಟ್ರಿಯವರನ್ನೇ ನೋಡುತ್ತಾ ಕೂರಬಹುದು. ಕ್ರಾಸ್, ಅಂದರೆ ಪಕ್ಕದಿಂದ ಗೋಲಿನ ಮುಂದಕ್ಕೆ ಒದ್ದ ಚೆಂಡು, ಬರುವ ಮುಂಚೆ ಡಿಫೆಂಡರ್ ಬೆನ್ನ ಹಿಂದೆ ಸುಮ್ನೆ ನಿಂತಿರುತ್ತಾರೆ, ತನಗೂ ಇದಕ್ಕೂ ಸಂಬಂಧವೇ ಇಲ್ಲ ಅನ್ನುವ ಹಾಗೆ. ಅವನು ಚೆಂಡಿನ ಕಡೆ ಕತ್ತು ಹೊರಳಿಸಿದನೋ, ಇವರು ಎರಡು ಹೆಜ್ಜೆ ಮುಂದೆ. ಅವನು ನೆಗೆಯುವಷ್ಟರಲ್ಲಿ ಇವರು ನೆಗೆದಾಗಿರುತ್ತದೆ.

2016ರ ಅಕ್ಟೋಬರ್‌ನಲ್ಲಿ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಸೆಮಿಫೈನಲ್ ಇಲ್ಲೇ ನಡೆಯಿತು. ನಮ್ಮ ಬೆಂಗಳೂರು ಎಫ್‌ಸಿ ಎದುರಿಗೆ ಹಾಲಿ ಚಾಂಪಿಯನ್, ಮಲೇಷ್ಯಾದ ಜೊಹೊರ್. ಮೊದಲ ಗೋಲು ಅವರದು. ಹಾಫ್‌ಟೈಮಿಗೆ ಸ್ವಲ್ಪ ಮುಂಚೆ ಛೆಟ್ರಿ ತಲೆ ಕೊಟ್ಟು ಸಮ ಮಾಡಿದರು. ಆಮೇಲೆ ದೂರದಿಂದ ಬಾರಿಸಿದ್ದು ಇನ್ನೊಂದು. ಕೊನೆಗೆ 3-1. ಆ ಕಪ್‌ನ ಫೈನಲ್ ಮುಟ್ಟಿದ ಮೊದಲ ಭಾರತೀಯ ಕ್ಲಬ್ ನಮ್ಮದು. ದೋಹಾದಲ್ಲಿ ಸೋತೆವು, ಅದು ಬಿಡಿ.

ಹುಟ್ಟಿದ್ದು ಸಿಕಂದರಾಬಾದ್, ಆಟ ಶುರು ಕೋಲ್ಕತ್ತದ ಮೋಹನ್ ಬಗಾನ್‌ನಲ್ಲಿ. 2009ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಸೇರಬೇಕಿತ್ತು. ಫಿಫಾ ಪಟ್ಟಿಯಲ್ಲಿ ಭಾರತ ಕೆಳಗಿದೆ ಅಂತ ವರ್ಕ್ ಪರ್ಮಿಟ್ ಸಿಗಲಿಲ್ಲ. ದೇಶದ ರ‍್ಯಾಂಕಿಂಗಿಗೆ ಆಟಗಾರ ಯಾಕೆ ದಂಡ ಕಟ್ಟಬೇಕೋ! ಅಮೆರಿಕದ ಕ್ಯಾನ್ಸಾಸ್ ಸಿಟಿ, ಪೋರ್ಚುಗಲ್‌ನ ಸ್ಪೋರ್ಟಿಂಗ್ ಲಿಸ್ಬನ್‌ನ ಬಿ ಟೀಮ್, ಎರಡೂ ಕಡೆ ಬೆಂಚಿನ ಮೇಲೇ ಹೆಚ್ಚು ಕೂತರು. 2013ರಲ್ಲಿ ಬೆಂಗಳೂರಿಗೆ ಬಂದರು. ನಮ್ಮ ಪುಣ್ಯ.

2024ರ ಜೂನ್‌ನಲ್ಲಿ ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಆಡಿ ದೇಶದ ಆಟಕ್ಕೆ ವಿದಾಯ ಹೇಳಿದರು. 0-0, ಸಪ್ಪೆ ಪಂದ್ಯ. ಮುಂದಿನ ಮಾರ್ಚ್‌ನಲ್ಲೇ ವಾಪಸ್ ಕರೆಸಿದರು. ನಲವತ್ತರ ವಯಸ್ಸಿನವರನ್ನು ಬಿಟ್ಟರೆ ಗೋಲು ಹೊಡೆಯೋರು ಯಾರೂ ಇಲ್ವಾ ಅಂತ ನನಗೂ ಸಿಟ್ಟು ಬಂತು. ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ಮೇಲೆ ಹೊಡೆದರು ನೋಡಿ, ಹೆಡರ್ರೇ.

ಎರಡೂವರೆ ವಾರಕ್ಕೆ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಸೆಮಿಫೈನಲ್, ಗೋವಾದಲ್ಲಿ. ತೊಂಬತ್ತು ನಿಮಿಷ ಮುಗಿದು ಇಂಜುರಿ ಟೈಮ್ ನಡೀತಿತ್ತು. ಕ್ರಾಸ್ ಬಂತು. ಛೆಟ್ರಿ ತಲೆ ಹಾಕಿದರು, ಬೆಂಗಳೂರು ಫೈನಲ್‌ಗೆ. ಇಷ್ಟು ವರ್ಷ ನೋಡಿಯೂ ಈ ಮನುಷ್ಯನನ್ನು ಗೋಲಿನ ಮುಂದಿನ ಬಾಕ್ಸಿನಲ್ಲಿ ಒಂಟಿ ಬಿಡುತ್ತಾರಲ್ಲ ಈ ಡಿಫೆಂಡರ್‌ಗಳು!