ಅವನ ಕೈ ಎಷ್ಟು ಓಡುತ್ತದೆ ಎಂದು ಕೇಳುವವರಿಗೆ

ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಕೇಳುತ್ತಾರೆ. ಮಾಟುಂಗದಲ್ಲಿ ಕಾಫಿ ಕುಡಿಯುವಾಗ ಕೇಳುತ್ತಾರೆ. ಠಾಣೆ ಲೋಕಲ್‌ನಲ್ಲಿ ಒಂದು ಕಾಲಿನ ಮೇಲೆ ನಿಂತಿದ್ದಾಗಲೂ ಕೇಳಿದ್ದಾರೆ. "ನೀವು ಸೌಂಡಿನವರಲ್ವಾ? ಇಷ್ಟು ರಾಕ್ ಬ್ಯಾಂಡ್ ನೋಡಿದ್ದೀರಿ. ಸ್ಟೇಜ್ ಮೇಲೆ ಗ್ರೇಟ್ ಗಿಟಾರಿಸ್ಟ್ ಅಂದ್ರೆ ಯಾರು? ಯಾರ ಕೈ ಜಾಸ್ತಿ ಓಡ್ತದೆ?"

ಇಪ್ಪತ್ತು ವರ್ಷದಿಂದ ಮುಂಬಯಿ, ಪುಣೆ, ಗೋವಾದಲ್ಲಿ ಸ್ಟೇಜಿನ ಎದುರು, ಎಲ್ಲ ವಾದ್ಯ, ಮೈಕಿನ ಶಬ್ದ ಹದ ಮಾಡುವ ಸೌಂಡ್ ಮಿಕ್ಸರ್ ಹಿಂದೆ ನಿಲ್ಲುವುದು ನನ್ನ ಕೆಲಸ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನು ಓದಿ ಎನ್ನುತ್ತೇನೆ.

ಕೈ ಓಡುವುದು ದೊಡ್ಡ ವಿಷಯ ಅಲ್ಲ. ಬಾಗಿಲು ಹಾಕಿಕೊಂಡು, ಟಿಕ್ ಟಿಕ್ ಅಂತ ತಾಳ ಹೇಳುವ ಮೆಟ್ರೋನೋಮ್ ಇಟ್ಟುಕೊಂಡು, ದಿನಕ್ಕೆ ನಾಲ್ಕು ಗಂಟೆ ಕೂತರೆ ನಾಲ್ಕೈದು ವರ್ಷದಲ್ಲಿ ತುಂಬ ಜನರ ಕೈ ಓಡುತ್ತದೆ. ಡೊಂಬಿವಲಿಯಿಂದ ವಸಾಯಿವರೆಗೆ ಅಂಥ ಹುಡುಗರು ಬೇಕಾದಷ್ಟಿದ್ದಾರೆ. ಅವರ ಶ್ರಮದ ಬಗ್ಗೆ ನನಗೆ ಗೌರವ ಇದೆ. ಆದರೆ ಅವರು ಸ್ಟೇಜಿಗೆ ಬಂದು ಸೌಂಡ್ ಚೆಕ್‌ಗೆ ಪ್ಲಗ್ ಹಾಕಿದ ಕೂಡಲೇ ಕಷ್ಟ ಶುರುವಾಗುತ್ತದೆ.

ಮನೆಯಲ್ಲಿ ಒಬ್ಬನೇ ನುಡಿಸುವಾಗ ಬೇಸ್ ಏರಿಸಿ, ಟ್ರೆಬಲ್ ಏರಿಸಿ, ನಡುವಿನ ಮಿಡ್ ಇಳಿಸಿದರೆ ಗಿಟಾರ್ ಭಾರೀ ಚೆನ್ನಾಗಿ ಕೇಳುತ್ತದೆ. ಸ್ಟೇಜಿನಲ್ಲಿ ಕೆಳಗಿನ ಜಾಗ ಬೇಸ್ ಗಿಟಾರಿನದು, ಮೇಲಿನ ಜಾಗ ಡ್ರಮ್ಸ್‌ನ ಸಿಂಬಲ್‌ನದು. ಗಿಟಾರಿಗೆ ಉಳಿಯುವುದೇ ಆ ಮಿಡ್. ಅದನ್ನೇ ಇಳಿಸಿಕೊಂಡು ಬಂದರೆ ಗಿಟಾರ್ ಕೇಳುವುದಿಲ್ಲ. ಕೇಳದಿದ್ದಾಗ ಹುಡುಗ ವಾಲ್ಯೂಮ್ ಏರಿಸುತ್ತಾನೆ. ಅವನ ಆಂಪ್‌ನ (ಗಿಟಾರಿನ ಶಬ್ದ ದೊಡ್ಡದು ಮಾಡುವ ಪೆಟ್ಟಿಗೆ) ಶಬ್ದ ಹಾಡುಗಾರ್ತಿಯ ಮೈಕಿನೊಳಗೂ ನುಗ್ಗುತ್ತದೆ. ಆಗ ನಾನು ಅವಳ ಧ್ವನಿ ಏರಿಸಿದರೆ ಅದರ ಜೊತೆ ಗಿಟಾರೂ ಏರುತ್ತದೆ. ನಾವಾಡುವ ಮಾತಿನ ವ್ಯಂಜನಗಳು ಸ್ಪಷ್ಟವಾಗಿ ಕೇಳುವುದು ಸುಮಾರು 2,000ದಿಂದ 4,000 ಹರ್ಟ್ಸ್ ನಡುವೆ. ಡಿಸ್ಟಾರ್ಷನ್ ಹಾಕಿ ಸ್ವರ ಒರಟು ಮಾಡಿದ ಗಿಟಾರ್ ಕೂಡ ಅಲ್ಲೇ ತುಂಬಿಕೊಂಡಿರುತ್ತದೆ. ಹೀಗಾಗಿ ಹಾಡಿನ ಒಂದು ಅಕ್ಷರವೂ ಜನರಿಗೆ ತಿಳಿಯುವುದಿಲ್ಲ. ಎಲ್ಲ ಮುಗಿದ ಮೇಲೆ ಬಂದು ಹೇಳುತ್ತಾರೆ, "ಸೌಂಡ್ ಸರಿ ಇರ್ಲಿಲ್ಲ." ಸಾರ್, ಸರಿ ಇಲ್ಲದ್ದು ಸೌಂಡ್ ಅಲ್ಲ, ಕಿವಿ. ಕೈಗೆ ಕೊಟ್ಟ ನಾಲ್ಕು ಗಂಟೆಯಲ್ಲಿ ಕಿವಿಗೆ ಅರ್ಧ ಗಂಟೆಯಾದರೂ ಕೊಟ್ಟಿರಬೇಕಿತ್ತು.

ಯಾರು ಅಂತ ಹೆಸರು ಹೇಳಲೇಬೇಕು ಅಲ್ವಾ? ಹೆಸರು ಹೇಳದಿದ್ದರೆ ನೀವು ಬಿಡುವುದಿಲ್ಲ. ಹಾಗಾದರೆ ಮಾಲ್ಕಮ್ ಯಂಗ್. ಆಸ್ಟ್ರೇಲಿಯಾದ ರಾಕ್ ಬ್ಯಾಂಡ್ ಎಸಿ/ಡಿಸಿ ಅಂದರೆ ಎಲ್ಲರಿಗೂ ನೆನಪಾಗುವುದು ತಮ್ಮ ಆಂಗಸ್. ಶಾಲೆಯ ಯೂನಿಫಾರ್ಮ್ ಹಾಕಿಕೊಂಡು ಸ್ಟೇಜ್ ತುಂಬ ಓಡಾಡುವವನು. ಅಣ್ಣ ಮಾಲ್ಕಮ್ ಹಿಂದೆ ಡ್ರಮ್ಸ್ ಪಕ್ಕ, ತನ್ನ ಆಂಪ್ ಎದುರು ನಿಲ್ಲುತ್ತಿದ್ದ. ಪಲ್ಲವಿಗೆ ದನಿ ಸೇರಿಸಲು ಮಾತ್ರ ಮುಂದೆ ಬರುವುದು, ಹಾಡಿ ಮತ್ತೆ ಹಿಂದೆ ಹೋಗುವುದು. ಆಂಗಸ್ ಅಷ್ಟು ಧೈರ್ಯವಾಗಿ ಓಡಲು ಸಾಧ್ಯವಾದದ್ದೇ ಮಾಲ್ಕಮ್ ಅಲುಗದೆ ನಿಂತಿದ್ದರಿಂದ. ಮಾಲ್ಕಮ್ 2017ರಲ್ಲಿ ತೀರಿಕೊಂಡ. ಅವನ ಹೆಸರು ಹೇಳಿದರೆ, "ಅವನು ಒಬ್ಬನೇ ಮುಂದೆ ಬಂದು ಸೋಲೋ ಎಲ್ಲಿ ನುಡಿಸ್ತಾನೆ?" ಅನ್ನುತ್ತೀರಿ. ಅದಕ್ಕೇ ಹೇಳಿದ್ದು.

ಇನ್ನೊಬ್ಬರು ಬಿ.ಬಿ. ಕಿಂಗ್. ರಾಕ್‌ನ ಬೇರಾದ ಬ್ಲೂಸ್ ಸಂಗೀತದವರು. ಆದರೆ ರಾಕ್ ಗಿಟಾರ್ ಹಿಡಿದವರೆಲ್ಲ ಅವರ ಸಾಲಗಾರರು. ಅವರು ಹಾಡುವಾಗ ಗಿಟಾರ್ ನುಡಿಸುತ್ತಿರಲಿಲ್ಲ. ಒಂದು ಸಾಲು ಹಾಡಿ ನಿಲ್ಲಿಸಿ, ಅದಕ್ಕೆ ಗಿಟಾರಿನಿಂದ ಉತ್ತರ ಕೊಡುತ್ತಿದ್ದರು. ಅಮೆರಿಕದ ರೈತರ ನೆರವಿಗೆ ನಡೆದ 1985ರ ಫಾರ್ಮ್ ಏಡ್ ಕಾರ್ಯಕ್ರಮದಲ್ಲಿ ನಡು ಹಾಡಿನಲ್ಲಿ ಅವರ ತಂತಿ ಕಡಿಯಿತು. ಅವರು ಹಾಡು ನಿಲ್ಲಿಸಲಿಲ್ಲ. ಹಾಡುತ್ತಲೇ ಹೊಸ ತಂತಿ ಹಾಕಿ, ಶ್ರುತಿ ಮಾಡಿ, ಮತ್ತೆ ನುಡಿಸಿದರು. ವಿಡಿಯೋ ಇದೆ. ಕೈ ಓಡುವ ನೂರು ವಿಡಿಯೋ ನೋಡುವ ಬದಲು ಅದೊಂದನ್ನು ನೋಡಿ.

ಜಿಮಿ ಹೆಂಡ್ರಿಕ್ಸ್? ಹೌದು, ಅವನೂ. ಆದರೆ ನೀವು ಹೇಳುವ ಕಾರಣಕ್ಕಲ್ಲ. ಹಲ್ಲಿನಲ್ಲಿ ನುಡಿಸಿದ, ಗಿಟಾರಿಗೆ ಬೆಂಕಿ ಹಚ್ಚಿದ ಅನ್ನುವುದು ಬಿಡಿ. ಆಂಪ್‌ನಿಂದ ಬಂದ ಶಬ್ದ ತಂತಿಯನ್ನು ಅಲುಗಿಸುತ್ತದೆ, ತಂತಿ ಅಲುಗಿದ್ದು ಮತ್ತೆ ಆಂಪ್‌ಗೆ ಹೋಗುತ್ತದೆ. ಹಾಗೆ ಸುತ್ತು ಹೊಡೆದು ಬರುವ ಕೂಗೇ ಫೀಡ್‌ಬ್ಯಾಕ್. ಮೈಕಿನಲ್ಲಿ ಅದು ಬಂದರೆ ನನ್ನ ಜೀವ ಹೋಗುತ್ತದೆ. ಹೆಂಡ್ರಿಕ್ಸ್ ಅದನ್ನೇ ಸ್ವರವಾಗಿ ಪಳಗಿಸಿದ. ಆಂಪ್‌ನಿಂದ ಒಂದು ಹೆಜ್ಜೆ ಆಚೆ ಹೋದರೆ, ಸ್ವಲ್ಪ ತಿರುಗಿ ನಿಂತರೆ ಆ ಕೂಗು ಬದಲಾಗುತ್ತದೆ. ಕ್ಷಣ ಕ್ಷಣಕ್ಕೂ ಕೇಳಿಸಿಕೊಳ್ಳದವನಿಗೆ ಅದು ಆಗುವ ಕೆಲಸ ಅಲ್ಲ. 1969ರಲ್ಲಿ ಅಮೆರಿಕದ ವುಡ್‌ಸ್ಟಾಕ್ ಸಂಗೀತ ಉತ್ಸವದ ಕೊನೆಗೆ ಅವನ ಸರದಿ ಬಂದಾಗ ಸೋಮವಾರ ಬೆಳಗಾಗಿತ್ತು. ಬಂದಿದ್ದ ಲಕ್ಷಾಂತರ ಜನರಲ್ಲಿ ಹೆಚ್ಚಿನವರು ಮನೆಗೆ ಹೊರಟಿದ್ದರು. ಜನರಿಗೆ ಇವತ್ತಿಗೂ ನೆನಪಿರುವುದು ಆ ಬೆಳಗಿನ ಗಿಟಾರ್.

ನನಗೆ ಈ ವಿಷಯ ತಿಳಿದದ್ದು ರಾಕ್‌ನಿಂದ ಅಲ್ಲ. ಅಪ್ಪ ಫೋರ್ಟ್‌ನ ಒಂದು ಉಡುಪಿ ಹೋಟೆಲಿನಲ್ಲಿ ಕ್ಯಾಶ್ ನೋಡುತ್ತಿದ್ದರು. ಊರಿನ ಮೇಳ ಮುಂಬಯಿಗೆ ಬಂತು ಅಂದರೆ ಯಕ್ಷಗಾನಕ್ಕೆ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ವೇಷ ನೋಡಬೇಕು ಅಂತ ನನಗೆ ಆಸೆ. ಅಪ್ಪ ಮಾತ್ರ ಹಿಮ್ಮೇಳ ಕಾಣುವ ಕಡೆ ಕೂರಿಸುತ್ತಿದ್ದರು. "ಮದ್ದಳೆಯವರ ಕಣ್ಣು ನೋಡು ಮಗಾ, ಎಲ್ಲಿದೆ?" ಕಣ್ಣು ಭಾಗವತರ ಮುಖದ ಮೇಲೇ ಇರುತ್ತಿತ್ತು. ಪದ ಹಾಡುವಾಗ ಚೆಂಡೆ ತಗ್ಗುತ್ತಿತ್ತು. ವೇಷದ ಕಾಲು ಏಳುವ ಹೊತ್ತಿಗೆ ಸರಿಯಾಗಿ ಚೆಂಡೆ ಏಳುತ್ತಿತ್ತು. ಚೆಂಡೆಯವರ ಕೈ ಎಷ್ಟು ಓಡುತ್ತದೆ ಎಂದು ಅಪ್ಪ ಒಮ್ಮೆಯೂ ಕೇಳಲಿಲ್ಲ. ಆ ಕೈ ಓಡುತ್ತಿತ್ತು, ಬೇಕಾದಾಗ. ಗಿಟಾರಿಸ್ಟ್ ಕೂಡ ಹಿಮ್ಮೇಳದವನೇ. ಆಗಾಗ ಮುಮ್ಮೇಳಕ್ಕೆ ಬಂದು ಕುಣಿಯುವ ಅವಕಾಶ ಇರುವ ಹಿಮ್ಮೇಳದವನು.

ಈಗ ಒಂದು ರಾತ್ರಿಯ ಮಾತಿಗೆ ಬರುತ್ತೇನೆ. ನಿಜವಾಗಿ ಇದನ್ನೆಲ್ಲ ಬರೆಯಲು ಕೂತದ್ದೇ ಅದಕ್ಕೆ.

ನವಿ ಮುಂಬಯಿಯ ಒಂದು ಕಾಲೇಜಿನ ಮೈದಾನ. ಡಿಸೆಂಬರ್. ಕಾರ್ಯಕ್ರಮ ತಡವಾಗಿ ಶುರುವಾಗಿತ್ತು. ಧ್ವನಿವರ್ಧಕ ರಾತ್ರಿ 10ಕ್ಕೆ ಬಂದ್ ಆಗಬೇಕು. 2000ದ ಶಬ್ದಮಾಲಿನ್ಯ ನಿಯಮ ಬಂದ ಮೇಲೆ ಮುಂಬಯಿಯ ಸೌಂಡಿನವರೆಲ್ಲ ಗಡಿಯಾರ ನೋಡುತ್ತಲೇ ಬದುಕುತ್ತೇವೆ. ಧೋಬಿ ತಲಾವ್‌ನ ರಂಗಭವನ ಗೊತ್ತಲ್ಲ, 1986ರಲ್ಲಿ ಇಂಡಿಪೆಂಡೆನ್ಸ್ ರಾಕ್ ಅನ್ನುವ ಸಂಗೀತ ಉತ್ಸವ ಶುರುವಾದ ಬಯಲು ರಂಗಮಂದಿರ? ಸುತ್ತ ಆಸ್ಪತ್ರೆ, ಕಾಲೇಜು. ಆ ನಿಯಮದಲ್ಲಿ ಅಂಥವುಗಳ ಸುತ್ತ ಕನಿಷ್ಠ 100 ಮೀಟರ್ ನಿಶ್ಶಬ್ದ ವಲಯ ಅಂತಿತ್ತು. ಅಲ್ಲಿ ಗಿಟಾರ್ ನಿಂತೇ ಹೋಯಿತು. ಆ ಬೇಸರ ಇನ್ನೊಂದು ದಿನ ಬರೆಯುತ್ತೇನೆ.

ಆ ರಾತ್ರಿ ಕಾಲೇಜಿನಲ್ಲಿ ನುಡಿಸುತ್ತಿದ್ದ ಗಿಟಾರ್ ಹುಡುಗನ ಮನೆಯವರು ಕಾರವಾರ ಕಡೆಯವರು. ಹುಟ್ಟಿ ಬೆಳೆದದ್ದು ಠಾಣೆ. ನನ್ನ ಜೊತೆ ಕನ್ನಡ, ಬ್ಯಾಂಡಿನ ಜೊತೆ ಮರಾಠಿ. ಸಮಯ 9:42. ಇನ್ನೂ ಎರಡು ಹಾಡು ಬಾಕಿ. ನಿಧಾನದ ಹಾಡು, ಎರಡನೇ ಚರಣ. ಹುಡುಗಿ ಕಣ್ಣು ಮುಚ್ಚಿ ಹಾಡುತ್ತಿದ್ದಳು. ಟಣ್ ಅಂತ ತಂತಿ ಕಡಿಯಿತು.

ಅವನದು ತೇಲುವ ಬ್ರಿಡ್ಜ್ ಇರುವ ಗಿಟಾರ್, ಅಂದರೆ ತಂತಿಗಳ ಬುಡ ಹಿಡಿದ ಪಟ್ಟಿ ಗಟ್ಟಿಯಾಗಿ ಕೂರದೆ ಅಲುಗುವಂಥದ್ದು. ಮುಂದಿನಿಂದ ಆರು ತಂತಿ ಎಳೆಯುತ್ತವೆ, ಹಿಂದಿನಿಂದ ಸ್ಪ್ರಿಂಗ್ ಎಳೆಯುತ್ತದೆ. ಹಗ್ಗಜಗ್ಗಾಟದಂತೆ ಎರಡೂ ಕಡೆ ಸಮ ಇದ್ದರೆ ಶ್ರುತಿ ಸರಿ. ಒಂದು ತಂತಿ ಕಡಿದರೆ ಈ ಕಡೆಯ ಬಲ ಕಡಿಮೆಯಾಗಿ, ಸ್ಪ್ರಿಂಗ್ ಉಳಿದ ಐದನ್ನೂ ಎಳೆದುಬಿಡುತ್ತದೆ. ಐದೂ ಶ್ರುತಿ ಬಿಟ್ಟು ಮೇಲೇರುತ್ತವೆ. ಅಂದರೆ ಹೋದದ್ದು ಒಂದು ತಂತಿ ಅಲ್ಲ, ಆರೂ. ಇನ್ನೊಂದು ಗಿಟಾರನ್ನು ಮೊದಲು ಬಂದ ಬ್ಯಾಂಡಿಗೆ ಕೊಟ್ಟಿದ್ದ. ಅದು ಅವರ ಟೆಂಪೋದಲ್ಲಿ ಹೊರಟುಹೋಗಿತ್ತು. ತಂತಿ ಹಾಕಿ ಶ್ರುತಿ ಮಾಡುತ್ತ ಕೂತರೆ ಕೊನೆಯ ಹಾಡು ಆಗುತ್ತಿರಲಿಲ್ಲ.

ಅವನು ಮಾಡಿದ್ದು ಇಷ್ಟು. ಕಿರುಬೆರಳಿನಿಂದ ವಾಲ್ಯೂಮ್ ಗುಂಡಿ ಪೂರ್ತಿ ಇಳಿಸಿದ. ಅವಳ ಕಡೆ ನೋಡಿದ, ಅವಳಿಗೆ ಏನೂ ಗೊತ್ತಾಗಿರಲಿಲ್ಲ. ಗಿಟಾರನ್ನು ಮೇಲೆತ್ತಿ ಅದರ ಕೊಂಬಿಗೆ ಕಿವಿ ಒತ್ತಿದ. ಆಂಪ್ ಇಲ್ಲದಿದ್ದರೂ ಮರದ ಮೂಲಕ ತಂತಿಯ ಸ್ವರ ಕೇಳುತ್ತದೆ. ಹೊರಗೆ ಡ್ರಮ್ಸ್ ಬಡಿಯುತ್ತಿರುವಾಗಲೂ ಕೇಳುತ್ತದೆ. ಬ್ರಿಡ್ಜಿನ ಕಡ್ಡಿಯನ್ನು ಬಲಗೈಯ ಕೊನೆಯ ಎರಡು ಬೆರಳಿನಿಂದ ಚೂರು ಒಳಗೆ ಒತ್ತಿದ. ಒತ್ತಿದರೆ ತಂತಿ ಸಡಿಲಾಗಿ ಸ್ವರ ಕೆಳಗಿಳಿಯುತ್ತದೆ. ಇಳಿಸಿ, ಇಳಿಸಿ, ಒಂದು ಕಡೆ ನಿಲ್ಲಿಸಿದ. ಏಳೆಂಟು ಸೆಕೆಂಡ್ ಆಗಿರಬಹುದು. ಆಮೇಲೆ ವಾಲ್ಯೂಮ್ ಮೆಲ್ಲಗೆ ತೆರೆದ.

ಹಲವು ತಂತಿ ಒಟ್ಟಿಗೆ ಮೀಟುವ ಕಾರ್ಡ್ ನುಡಿಸುವಂತಿರಲಿಲ್ಲ. ಐದು ತಂತಿ ಐದು ದಿಕ್ಕಿಗೆ ಹೋಗಿದ್ದವು. ನಡುವಿನ ಎರಡು ತಂತಿ ಮಾತ್ರ ಹಿಡಿದುಕೊಂಡ. ಅವಳ ಸಾಲು ಮುಗಿದ ಮೇಲೆ ಎರಡು ಸ್ವರ. ಮತ್ತೆ ಸುಮ್ಮನೆ. ಮುಂದಿನ ಸಾಲಿನ ಮೇಲೆ ಮೂರು. ಕಡ್ಡಿ ಒತ್ತಿದ ಬೆರಳು ಆಯಾಸದಿಂದ ಸಣ್ಣಗೆ ನಡುಗುತ್ತಿತ್ತು. ಆ ನಡುಕ ಸ್ವರಕ್ಕೂ ಬಂತು. ಅವತ್ತು ಏರಿಸಿದಷ್ಟು ಮೇಲೆ ನಾನು ಗಿಟಾರಿನ ಫೇಡರ್ (ಮಿಕ್ಸರ್‌ನಲ್ಲಿ ಶಬ್ದ ಏರಿಸುವ ಜಾರುಗುಂಡಿ) ಬೇರೆ ಯಾವತ್ತೂ ಏರಿಸಿಲ್ಲ. ಏರಿಸಿದರೂ ಅವಳ ಒಂದು ಅಕ್ಷರವೂ ಮುಚ್ಚಲಿಲ್ಲ.

ಕೊನೆಯ ಹಾಡಿನಲ್ಲಿ ಅವನ ಉದ್ದದ ಸೋಲೋ ಇತ್ತು. ಹುಡುಗರು ಅದಕ್ಕೇ ಕಾದು ನಿಂತಿದ್ದರು. ಅವನು ನನ್ನ ಕಡೆ ನೋಡಿದ. ನಾನು ನಾಲ್ಕು ಬೆರಳು ತೋರಿಸಿದೆ. ನಾಲ್ಕು ನಿಮಿಷ. ಅವನು ಸೋಲೋವನ್ನು ಎಂಟೇ ಆವರ್ತಕ್ಕೆ ಮುಗಿಸಿ, ತಲೆ ಆಡಿಸಿ ಅವಳನ್ನು ಚರಣಕ್ಕೆ ಕರೆದ. 9:59ಕ್ಕೆ ಹಾಡು ಮುಗಿಯಿತು.

ಮಿಕ್ಸರ್ ಪಕ್ಕ ನಮ್ಮ ಕಡೆಯ ಒಬ್ಬ ಹೋಟೆಲ್ ಮಾಲೀಕರು ನಿಂತಿದ್ದರು. ಮಗ ಅದೇ ಕಾಲೇಜು. ನನ್ನ ಭುಜ ತಟ್ಟಿ ಹೇಳಿದರು, "ಹುಡುಗನ ಕೈ ಇವತ್ತು ಓಡ್ಲಿಲ್ಲ ಅಲ್ವಾ ಮಾರಾಯ? ಹೆದರಿದ ಅಂತ ಕಾಣ್ತದೆ, ಪಾಪ."

ನನಗೆ ಸಿಟ್ಟು ನೆತ್ತಿಗೇರಿತು. ವಯಸ್ಸಿನಲ್ಲಿ ದೊಡ್ಡವರು. ಆದರೂ ಹೇಳಿಯೇಬಿಟ್ಟೆ, "ಶೆಟ್ರೇ, ನೀವು ಕಣ್ಣಿನಲ್ಲಿ ಕೇಳ್ತೀರಿ." ಆಮೇಲೆ ಅವರು ಎರಡು ವರ್ಷ ಸರಿಯಾಗಿ ಮಾತಾಡಲಿಲ್ಲ. ಹಾಗೆ ಹೇಳಿದ್ದಕ್ಕೆ ನನಗೆ ಈಗಲೂ ಬೇಸರ ಇಲ್ಲ.

ನಿಮಗೆ ಕೇಳಲೇಬೇಕು ಅಂತಿದ್ದರೆ ನನ್ನನ್ನು ಇದನ್ನು ಕೇಳಿ: ಅವನ ಸರದಿ ಇಲ್ಲದಾಗ ಅವನು ಏನು ಮಾಡುತ್ತಾನೆ? ಇದಕ್ಕೆ ರಾತ್ರಿಯೆಲ್ಲ ಕೂತು ಉತ್ತರ ಹೇಳುತ್ತೇನೆ. ಹಾಡು ನಡೆಯುವಾಗ ಯಾರು ಗಿಟಾರಿನ ಸ್ವರ ಬದಲಿಸುವ ಪೆಡಲ್ ಕಾಲಲ್ಲಿ ಒತ್ತುತ್ತ ನೆಲ ನೋಡುತ್ತಾರೆ, ಯಾರು ಡ್ರಮ್ಮರ್‌ನ ಕಾಲು ನೋಡುತ್ತಾರೆ, ನನಗೆ ಗೊತ್ತು. ದೊಡ್ಡ ಸ್ಟೇಜಿನಲ್ಲಿ ಡ್ರಮ್ಸ್‌ನಿಂದ ಹತ್ತು ಮೀಟರ್ ದೂರ ಹೋಗಿ ನಿಂತರೆ ಶಬ್ದ ಸುಮಾರು 29 ಮಿಲಿಸೆಕೆಂಡ್ ತಡವಾಗಿ ಕಿವಿಗೆ ಬೀಳುತ್ತದೆ. ಅದನ್ನು ನಂಬಿ ನುಡಿಸಿದರೆ ತಾಳ ಜಾರುತ್ತದೆ. ಒಳ್ಳೆಯವನು ಮುಂದೆ ಹೋಗಿ ಜನರ ಜೊತೆ ಕುಣಿಯುವಾಗಲೂ ಕಾಲ ಬಳಿಯ ಮಾನಿಟರ್ ಸ್ಪೀಕರ್‌ಗೆ ಒಂದು ಕಿವಿ ಕೊಟ್ಟಿರುತ್ತಾನೆ. ಬ್ಲೂಸ್ ಗಿಟಾರಿಸ್ಟ್ ಬಡ್ಡಿ ಗೈ ಗೊತ್ತಲ್ಲ, 2011ರಲ್ಲಿ ಬಾಂದ್ರಾದ ಮೆಹಬೂಬ್ ಸ್ಟುಡಿಯೋದಲ್ಲಿ ಮಹೀಂದ್ರಾ ಬ್ಲೂಸ್ ಉತ್ಸವಕ್ಕೆ ಬಂದವರು? ಜೋರಾಗಿ ನುಡಿಸುತ್ತಿದ್ದವರು ಇದ್ದಕ್ಕಿದ್ದಂತೆ ಪಿಸುಮಾತಿನಷ್ಟು ತಗ್ಗಿಸುತ್ತಾರೆ. ಸಾವಿರ ಜನ ಉಸಿರು ಹಿಡಿದು ಕೇಳುತ್ತಾರೆ. ಅಷ್ಟು ತಗ್ಗಿಸಲು ಬಹಳ ಧೈರ್ಯ ಬೇಕು.

ಆ ರಾತ್ರಿ ಕೇಬಲ್ ಸುತ್ತುವಾಗ ಹುಡುಗ ಸ್ಟೇಜಿನ ಅಂಚಿನಲ್ಲಿ ಕೂತು ಹೊಸ ತಂತಿ ಹಾಕುತ್ತಿದ್ದ. ಬಲಗೈಯ ಎರಡು ಬೆರಳು ಇನ್ನೂ ಕೆಂಪಗಿದ್ದವು. ನನ್ನನ್ನು ನೋಡಿ ಕೇಳಿದ್ದು ಒಂದೇ ಮಾತು, "ಅಣ್ಣ, ಅವಳ ಹಾಡು ಹಿಂದಿನವರೆಗೆ ಕೇಳಿಸ್ತಾ?"

ಕೇಳಿಸಿತು ಅಂದೆ. ಅಷ್ಟರಲ್ಲಿ ಹಾಡಿದ ಹುಡುಗಿ ನೀರಿನ ಬಾಟಲಿ ಹಿಡಿದು ಬಂದಳು. ಎರಡನೇ ಚರಣದಲ್ಲಿ ನೀನು ಏನೋ ಬೇರೆ ಥರ ನುಡಿಸಿದೆ, ತುಂಬ ಚೆನ್ನಾಗಿತ್ತು, ನಾಳೆ ಪುಣೆಯಲ್ಲೂ ಹಾಗೇ ನುಡಿಸು ಅಂತ ಮರಾಠಿಯಲ್ಲಿ ಹೇಳಿದಳು.

ಅವನು "ಆಯ್ತು" ಅಂದ. ಕಡಿದ ತಂತಿಯನ್ನು ಬೆರಳಿಗೆ ಸುತ್ತಿ ಜೇಬಿಗೆ ಹಾಕಿಕೊಂಡು, ಹೊಸ ತಂತಿಯ ತುದಿ ಕತ್ತರಿಸಿದ.